‘ಚಹರೆ’ಯ ಜಾಡು ಹಿಡಿಯುವುದು ಹೇಗೆ? ಮುಖದ ಒಂದು ಮಾತಿನ ಅರ್ಥ, ಮೂಲ ಹುಡುಕುವ ಕ್ರಮ

ಹುಬ್ಬಳ್ಳಿ, ಧಾರವಾಡ, ಗದಗ, ಹಾವೇರಿ, ಯಾವ ಊರಿನ ಪತ್ರಿಕೆ ತೆಗೆದರೂ ಒಳಪುಟದ ಮೂಲೆಯಲ್ಲಿ ಆಗಾಗ ‘ಕಾಣೆಯಾಗಿದ್ದಾರೆ’ ಎಂಬ ಪ್ರಕಟಣೆ ಕಾಣುತ್ತದೆ. ಹೆಸರು, ವಯಸ್ಸು ಆದಮೇಲೆ ಬರುವ ಸಾಲಿನ ಧಾಟಿ ಹೀಗೆ: “ಚಹರೆ: ಎತ್ತರ 5.4 ಅಡಿ, ದುಂಡು ಮುಖ, ಗೋಧಿಗೆಂಪು ಮೈಬಣ್ಣ, ಬಲಗಲ್ಲದ ಮೇಲೆ ಮಚ್ಚೆ.” ಕೊನೆಗೆ, ಸುಳಿವು ಸಿಕ್ಕವರು ಶಹರ ಠಾಣೆಗೆ ತಿಳಿಸಬೇಕು. ಮೊದಲಿನ ‘ಚಹರೆ’ಗೂ ಕೊನೆಯ ‘ಶಹರ’ಕ್ಕೂ ಒಂದು ನಂಟಿದೆ. ಆ ನಂಟು ಕಿವಿಗೆ ಒಂದೇ ಥರ ಕೇಳಿಸಿತು ಎಂದು ಹುಟ್ಟಿದ್ದಲ್ಲ, ಲೆಕ್ಕ ಹಾಕಿ ತೋರಿಸಬಹುದಾದದ್ದು. ಲೆಕ್ಕ ಹಾಕುವ ಕ್ರಮವೇ ಈ ಬರಹ. ಇಲ್ಲಿ ಹಿಡಿದಿರುವ ಪದ ‘ಚಹರೆ’. ಮಾರಿ, ಗಲ್ಲ, ಕಪಾಳ, ಹುಬ್ಬು, ಯಾವುದನ್ನು ಹಿಡಿದರೂ ಕ್ರಮ ಇದೇ.

ಮೊದಲು ಚೀಟಿ, ಆಮೇಲೆ ನಿಘಂಟು

ನಿಘಂಟಿನಿಂದ ಶುರು ಮಾಡಿದವರು ಮೊದಲ ಸಾಲಿನಲ್ಲಿ ಕಂಡ ಅರ್ಥಕ್ಕೇ ಅಂಟಿಕೊಳ್ಳುತ್ತಾರೆ. ‘ಚಹರೆ ಎಂದರೆ ಮುಖ’ ಎಂದು ಓದಿ ಪುಸ್ತಕ ಮುಚ್ಚಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ಹಾಗಾಗಿ ಮೊದಲು ಬಳಕೆ ಕೂಡಿಸಿ. ಅಂಗೈಯಗಲದ ರಟ್ಟಿನ ಚೀಟಿ ಸಾಕು. ಒಂದು ಚೀಟಿಗೆ ಒಂದೇ ವಾಕ್ಯ, ಅದೂ ಪೂರ್ತಿ ವಾಕ್ಯ. ಕೆಳಗೆ ಎಲ್ಲಿ ಸಿಕ್ಕಿತು, ಯಾವ ತಾರೀಖು. ಬಾಯಿಂದ ಕೇಳಿದ್ದಾದರೆ ಆಡಿದವರ ತಾಲೂಕು ಮತ್ತು ಸುಮಾರು ವಯಸ್ಸು. ಹೆಸರು ಬೇಡ. ಒಂದು ಪದಕ್ಕೆ 25 ಚೀಟಿ ಆಗುವ ತನಕ ಅರ್ಥ ಬರೆಯಲು ಹೋಗಬೇಡಿ. ಅದರಲ್ಲಿ ಹತ್ತಾದರೂ ಆಡುಮಾತಿನವು ಇರಲಿ, ಒಂದೇ ಓಣಿಯವರವು ಆಗದಿರಲಿ.

ಆಡುಮಾತು ಕೂಡಿಸುವಾಗ ‘ಗಲ್ಲ ಅಂದ್ರೇನ್ರಿ?’ ಎಂದು ಕೇಳಿದರೆ ಶಾಲೆಯಲ್ಲಿ ಕಲಿತ ಉತ್ತರ ಬರುತ್ತದೆ. ‘ಯವ್ವಾ, ನಿಮ್ಮ ಗಲ್ಲ ಮುಟ್ಟಿ ತೋರಸ್ರಿ’ ಎನ್ನಿ. ಧಾರವಾಡದ ಅಜ್ಜಿ ಕೆನ್ನೆ ಮುಟ್ಟುತ್ತಾಳೆ. ಮೈಸೂರು ಕಡೆಯಿಂದ ಬಂದು ವಿದ್ಯಾನಗರದಲ್ಲಿ ಮನೆ ಮಾಡಿದವರು ಬಾಯಿಯ ಕೆಳಗಿನ ಗದ್ದ ಮುಟ್ಟಿದರೂ ಮುಟ್ಟಬಹುದು. ಒಂದೇ ಪದ, ಮುಖದ ಮೇಲೆ ಎರಡು ಜಾಗ. ಊರು ಬರೆಯದ ಚೀಟಿ ಇಂಥ ಕಡೆ ಕೆಲಸಕ್ಕೆ ಬಾರದು.

‘ಚಹರೆ’ಯ ಚೀಟಿ ಕೂಡಿಸುವಾಗ ಒಂದು ಸಂಗತಿ ತಾನಾಗಿಯೇ ಗೊತ್ತಾಗುತ್ತದೆ: ಬಾಯಿಂದ ಬರುವ ಚೀಟಿ ಕಡಿಮೆ, ಕಾಗದದಿಂದ ಬರುವವು ಹೆಚ್ಚು. ಪೊಲೀಸ್ ಪ್ರಕಟಣೆ, ಕಚೇರಿಯ ಅರ್ಜಿ, ಪತ್ರಿಕೆಯ ಅಂಕಣ, ಪುಸ್ತಕ ವಿಮರ್ಶೆ. ಮನೆಯಲ್ಲಿ, ಸಂತೆಯಲ್ಲಿ ಮುಖಕ್ಕೆ ನಮ್ಮ ಕಡೆ ಇರುವ ಮಾತು ‘ಮಾರಿ’. ಪದ ಎಲ್ಲಿ ಬದುಕುತ್ತದೆ ಎಂಬುದೇ ಅದು ಎಲ್ಲಿಂದ ಬಂತು ಎಂಬುದರ ಮೊದಲ ಸುಳಿವು. ಬರೇ ಕಾಗದದಲ್ಲಿ ಬದುಕುವ ಪದ ಬಹಳ ಸಲ ಕಚೇರಿಯ ಬಾಗಿಲಿಂದಲೇ ಒಳಗೆ ಬಂದಿರುತ್ತದೆ.

ಅರ್ಥ ಅಳೆಯಲು ಬದಲಿ ಹಾಕಿ ನೋಡಿ

ಹತ್ತಿರದ ಮೂರು ಪದ ಆರಿಸಿ: ಮಾರಿ, ಮುಖ, ಚಹರೆ. ಚೀಟಿಯಲ್ಲಿನ ವಾಕ್ಯಗಳಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಕೂಡಿಸಿ, ಕೇಳುವವರ ಹುಬ್ಬು ಗಂಟಿಕ್ಕುತ್ತದೆಯೋ ಇಲ್ಲವೋ ನೋಡಿ.

‘ಮಾರಿ ತೊಕ್ಕೊಂಡು ಬಾ’ ಸರಿ. ‘ಮುಖ ತೊಳೆದುಕೊಂಡು ಬಾ’ ಸರಿ. ‘ಚಹರೆ ತೊಳೆದುಕೊಂಡು ಬಾ’ ಎಂದರೆ ಮಕ್ಕಳೂ ನಗುತ್ತಾರೆ.
‘ಮುಂಜಾನೆದ್ದು ಯಾರ ಮಾರಿ ನೋಡಿದ್ನೋ’ ಎಂಬಲ್ಲಿ ಚಹರೆ ಕೂಡುವುದಿಲ್ಲ.
‘ಮಾರಿ ಸಣ್ಣ ಮಾಡಿಕೊಂಡ’, ‘ಮಾರಿ ಊದಿಸಿಕೊಂಡು ಕುಂತಾಳ’, ಇಲ್ಲಿಯೂ ಇಲ್ಲ. ಸಿಟ್ಟು, ಸಂಕಟ, ನಾಚಿಕೆ ತೋರುವುದು ಮಾರಿ. ಚಹರೆಗೆ ಮನಸ್ಸಿನ ಏರಿಳಿತ ಗೊತ್ತಿಲ್ಲ.
‘ಅವನ ಚಹರೆ ಥೇಟ್ ಅವರಪ್ಪನಂಗ ಐತಿ’ ಸರಿ. ಇಲ್ಲಿ ಮಾರಿಯೂ ನಡೆಯುತ್ತದೆ.
‘ಆರೋಪಿಯ ಚಹರೆ ಪತ್ತೆಯಾಗಿದೆ’ ಸರಿ. ಇಲ್ಲಿ ಮಾರಿ ಹಾಕಿದರೆ ಕೆಟ್ಟಿತು.
‘ಬಿಆರ್‌ಟಿಎಸ್ ರಸ್ತೆಯಿಂದ ಅವಳಿನಗರದ ಚಹರೆಯೇ ಬದಲಾಯಿತು’ ಸರಿ. ‘ಅವಳಿನಗರದ ಮಾರಿ’ ಎಂದರೆ ಊರ ದೇವತೆಯ ಮಾತಾಗಿಬಿಡುತ್ತದೆ.

ಇಷ್ಟರಿಂದ ಅರ್ಥ ತಾನೇ ಬೇರ್ಪಡುತ್ತದೆ. ಚಹರೆ ಎಂದರೆ ತೊಳೆಯುವ, ಒರೆಸುವ, ತಿರುವುವ ಅಂಗ ಅಲ್ಲ. ಒಬ್ಬರನ್ನು ಇನ್ನೊಬ್ಬರಿಂದ ಬೇರೆ ಮಾಡಿ ಗುರುತಿಸುವ ರೂಪರೇಖೆ. ಪ್ರಕಟಣೆಯನ್ನು ಇನ್ನೊಮ್ಮೆ ನೋಡಿ: ಚಹರೆ ಎಂಬ ತಲೆಬರಹದ ಕೆಳಗೆ ಎತ್ತರವಿದೆ, ಮೈಬಣ್ಣವಿದೆ, ಎಷ್ಟೋ ಸಲ ‘ಸಾಧಾರಣ ಮೈಕಟ್ಟು’ ಎಂದೂ ಇರುತ್ತದೆ. ಎತ್ತರ ಮುಖದ ಭಾಗವಲ್ಲವಲ್ಲ! ಅಂದರೆ ಕನ್ನಡದಲ್ಲಿ ಈ ಪದ ಮುಖದಿಂದ ಇಳಿದು ಇಡೀ ಮೈಯ ಗುರುತಾಗಿದೆ, ಅಲ್ಲಿಂದ ಊರಿಗೆ, ಸಾಹಿತ್ಯಕ್ಕೆ, ಸಂಸ್ಕೃತಿಗೆ ಹಬ್ಬಿದೆ. ಹಿಂದಿ, ಉರ್ದುವಿನ ‘ಚೆಹರಾ’ ಹಾಗಲ್ಲ, ಅದು ನೇರವಾಗಿ ಮುಖವೇ. ಎರಡನ್ನೂ ಒಂದೇ ಎಂದು ಬರೆಯುವುದು ಅನುವಾದಕರು ಮಾಡುವ ಮಾಮೂಲಿ ತಪ್ಪು. ಹಿಂದಿಯ ವಾಕ್ಯದಲ್ಲಿ ‘ಚೆಹರಾ’ ಇದ್ದ ಕಡೆಯೆಲ್ಲ ಚಹರೆ ಹಾಕಿದರೆ ಕಥೆಯ ನಾಯಕಿ ಠಾಣೆಯ ಕಡತದಲ್ಲಿ ಕೂತ ಹಾಗಿರುತ್ತದೆ.

ಪದದ ಮೈ ತಡವಿ ನೋಡುವುದು

ಇನ್ನೂ ನಿಘಂಟು ತೆಗೆಯಬೇಡಿ. ಪದದ ಅಕ್ಷರಗಳೇ ಅರ್ಧ ಕಥೆ ಹೇಳುತ್ತವೆ.

ಕೊನೆಯ ಸ್ವರದಿಂದ ಶುರು ಮಾಡಿ. ಹೊರಗಿನ ಭಾಷೆಯ ‘ಆ’ಕಾರಾಂತ ಪದ ಬರವಣಿಗೆಯ ಕನ್ನಡಕ್ಕೆ ಬಂದರೆ ‘ಎ’ ಆಗುವುದು ಹಳೆಯ ರೂಢಿ. ಸಂಸ್ಕೃತದ ಮಾಲಾ ಮಾಲೆಯಾಯಿತು, ಶಾಲಾ ಶಾಲೆಯಾಯಿತು. ಅದೇ ಹಾದಿಯಲ್ಲಿ ಜಿಲ್ಲಾ ಜಿಲ್ಲೆ, ಕಾಯ್ದಾ ಕಾಯ್ದೆ, ಖಾತಾ ಖಾತೆ, ಪಂಚನಾಮಾ ಪಂಚನಾಮೆ. ಹಾಗಾದರೆ ಚಹರೆಯ ಹಿಂದೆ ಒಂದು ‘ಚಹರಾ’ ಅಥವಾ ‘ಚೆಹರಾ’ ಇರಬೇಕು ಎಂದು ಊಹಿಸಬಹುದು. ಸದ್ಯಕ್ಕೆ ಊಹೆ ಮಾತ್ರ.

ನಡುವಿನ ‘ಹ’ ಇನ್ನೂ ದೊಡ್ಡ ಸುಳಿವು. ಅಚ್ಚಗನ್ನಡದ ‘ಹ’ ಬಹುಮಟ್ಟಿಗೆ ಹಳೆಯ ‘ಪ’ದಿಂದ ಬಂದದ್ದು, ಹೆಚ್ಚಾಗಿ ಪದದ ಮೊದಲಲ್ಲಿ: ಪಣೆ ಹಣೆಯಾಯಿತು, ಪುರ್ಬು ಹುಬ್ಬಾಯಿತು, ಪಲ್ ಹಲ್ಲಾಯಿತು. ನಡುವೆ ಬರುವುದು ವಿರಳ. ಅಹುದು, ಬಹುದು ಎಂಬಂಥ ಕೆಲವೇ ರೂಪಗಳಿವೆ. ನಡುವೆ ‘ಹ’ ಇರುವ ಬೇರೆ ಪದಗಳನ್ನು ಪಟ್ಟಿ ಮಾಡಿದರೆ ಎರಡು ಗುಂಪಾಗುತ್ತವೆ: ದೇಹ, ಮೋಹ, ಬಹಳ ಸಂಸ್ಕೃತದ ಕಡೆಯವು, ಶಹರ, ಮಹಲು, ಜಹಗೀರು ಪಾರಸಿ (ಇರಾನಿನ ಪರ್ಷಿಯನ್ ಭಾಷೆ), ಅರಬಿಯ ಕಡೆಯವು. ಚಹರೆ ಎರಡನೆಯ ಗುಂಪಿಗೇ ಹೊಂದುತ್ತದೆ, ಏಕೆಂದರೆ ಸಂಸ್ಕೃತದಲ್ಲಿ ಇದಕ್ಕೆ ಹೊಂದುವ ‘ಚಹರಾ’ ಎಂಬ ಪದವಿಲ್ಲ.

‘ಚಹರೆ’ಯೋ ‘ಚೆಹರೆ’ಯೋ ಎಂಬ ಜಗಳ ಆಗಾಗ ಏಳುತ್ತದೆ. ಮೂಲದಲ್ಲಿ ‘ಹ್’ ಮತ್ತು ‘ರ್’ ನಡುವೆ ಸ್ವರವೇ ಇಲ್ಲ: ಚೆಹ್ರಾ, ಶಹ್ರ್. ಕನ್ನಡದ ನಾಲಗೆಗೆ ಈ ಒತ್ತು ಒಗ್ಗದು, ನಡುವೆ ಒಂದು ‘ಅ’ ತುಂಬಿಕೊಂಡಿತು. ಮೊದಲ ಸ್ವರದ ಗೊಂದಲಕ್ಕೂ ‘ಹ’ವೇ ಕಾರಣ. ಉರ್ದು ಆಡುವವರ ಬಾಯಲ್ಲಿ ಈ ‘ಹ’ದ ಮುಂಚಿನ ‘ಅ’ಕಾರ ‘ಎ’ಕಾರದ ಕಡೆಗೆ ವಾಲುತ್ತದೆ, ಶಹರ್ ಎಂದು ಬರೆದದ್ದು ಶೆಹೆರ್ ಎಂದು ಕೇಳುತ್ತದೆ. ಕನ್ನಡದಲ್ಲಿ ಎರಡೂ ಬರಹ ಸಿಗುತ್ತವೆ. ಪ್ರಕಟಣೆಗಳಲ್ಲಿ ‘ಚಹರೆ’ಯೇ ನಿಂತಿದೆ. ತಿದ್ದುವ ಕೆಲಸ ನಿಮ್ಮದಲ್ಲ, ಎರಡೂ ರೂಪ ಚೀಟಿಯಲ್ಲಿ ಇರಲಿ.

ನಿಘಂಟು ತೆಗೆಯುವ ಕ್ರಮ

ಈಗ ಪುಸ್ತಕ. ಕ್ರಮ ತಪ್ಪಿದರೆ ದಾರಿ ತಪ್ಪುತ್ತದೆ.

ಮೊದಲು ಕಿಟೆಲ್. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಹಾಕಿದ ಈ ನಿಘಂಟಿನ ಅನುಕೂಲ ಎಂದರೆ ಪದ ಹಿಂದೂಸ್ತಾನಿಯದೋ, ಮರಾಠಿಯದೋ, ತದ್ಭವವೋ ಎಂಬುದಕ್ಕೆ ಸಂಕ್ಷೇಪಾಕ್ಷರ ಹಾಕಿರುತ್ತಾರೆ. ಮುನ್ನುಡಿಯ ಹಿಂದಿರುವ ಸಂಕ್ಷೇಪಗಳ ಪಟ್ಟಿಯನ್ನು ಒಂದು ಹಾಳೆಗೆ ಇಳಿಸಿ ಪಕ್ಕದಲ್ಲಿ ಇಟ್ಟುಕೊಳ್ಳಿ, ಇಲ್ಲವಾದರೆ ಪ್ರತಿ ಸಲ ಹಿಂದಕ್ಕೆ ತಿರುವಬೇಕು. ‘ಹ’ದಲ್ಲಿ ಸಿಗದ ಅಚ್ಚಗನ್ನಡ ಪದವನ್ನು ‘ಪ’ದಲ್ಲಿ ಹುಡುಕಿ. ಹೊರಗಿನ ಪದವಾದರೆ ಸ್ವರ ಬದಲಿಸಿ ಹುಡುಕಿ: ಚಹರೆ, ಚೆಹರೆ, ಚೇಹರೆ, ಚಹರಾ.

ಎರಡನೆಯದು ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ಕನ್ನಡ ನಿಘಂಟು. ಇಲ್ಲಿ ಅರ್ಥಕ್ಕಿಂತ ಅದರ ಕೆಳಗಿನ ಪ್ರಯೋಗ ಮುಖ್ಯ: ಯಾವ ಕೃತಿ, ಯಾವ ಕಾಲ. ಹಳಗನ್ನಡ ಕಾವ್ಯದ ಉದಾಹರಣೆ ಇದೆಯೇ, ಶಾಸನದ್ದು ಇದೆಯೇ, ಅಥವಾ ಈಚಿನ ಬರವಣಿಗೆಯದಷ್ಟೇ ಇದೆಯೇ ನೋಡಿ. ಮುಖದ ಅಂಗಗಳ ಹೆಸರಿಗೆ ಹಳೆಯ ಪ್ರಯೋಗ ದಂಡಿಯಾಗಿ ಸಿಗುತ್ತವೆ. ಕಚೇರಿಯ ಪದಗಳಿಗೆ ಸಿಗುವುದು ಕಡಿಮೆ.

ಮೂರನೆಯದು ಅಕ್ಕಪಕ್ಕದ ಭಾಷೆಯ ನಿಘಂಟು. ಪದ ದ್ರಾವಿಡದ್ದು ಅನಿಸಿದರೆ ಬರೋ ಮತ್ತು ಎಮೆನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು, 1984ರ ಎರಡನೆಯ ಆವೃತ್ತಿ. ಕಣ್ಣು, ಮೂಗು, ಕಿವಿ, ಹುಬ್ಬು ಎಲ್ಲವೂ ಅಲ್ಲಿ ತಮಿಳು, ತೆಲುಗು, ತುಳು ಬಂಧುಗಳ ಜೊತೆ ಕೂತಿವೆ. ಮರಾಠಿಯಿಂದ ಬಂದದ್ದು ಅನಿಸಿದರೆ ಮೋಲ್ಸ್‌ವರ್ತ್, 1857ರ ಆವೃತ್ತಿ. ಪಾರಸಿಗೆ ಸ್ಟೈನ್‌ಗಾಸ್, 1892. ಈ ಮೂರನ್ನೂ ಶಿಕಾಗೊ ವಿಶ್ವವಿದ್ಯಾಲಯದ ದಕ್ಷಿಣ ಏಷ್ಯಾ ನಿಘಂಟುಗಳ ಜಾಲತಾಣದಲ್ಲಿ ಪುಕ್ಕಟೆ ಹುಡುಕಬಹುದು. ಅಲ್ಲಿ ಆಗುವ ತೊಂದರೆ ಒಂದೇ: ಸ್ಟೈನ್‌ಗಾಸ್ ‘ಚಿಹ್ರ’ ಎಂದು ‘ಇ’ಕಾರ ಹಾಕುತ್ತಾರೆ, ‘ಚೆಹರಾ’ ಎಂದು ಹುಡುಕಿದರೆ ಬರಿಗೈ. ಮರಾಠಿಯನ್ನು ದೇವನಾಗರಿಯಲ್ಲೇ ಬೆರಳಚ್ಚಿಸಿ.

ಬಂದ ದಾರಿ

ಪದ ಪಾರಸಿಯದು ಎಂದು ಗೊತ್ತಾದ ಮೇಲೆ, ಅದು ಹುಬ್ಬಳ್ಳಿಗೆ ಹೇಗೆ ಬಂತು ಎಂಬುದು ಬೇರೆ ಪ್ರಶ್ನೆ. ಇದನ್ನು ಬಿಟ್ಟವರ ಟಿಪ್ಪಣಿ ಯಾವಾಗಲೂ ಅರ್ಧ.

ಈ ಸೀಮೆಯ ಮೇಲೆ ವಿಜಯಪುರದ ಆದಿಲಶಾಹಿ ಇತ್ತು, ಇಂದಿನ ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನವಾಬರಿದ್ದರು, ಆಮೇಲೆ ಪೇಶ್ವೆಗಳು. 1818ರಲ್ಲಿ ಪೇಶ್ವೆ ಆಳ್ವಿಕೆ ಮುಗಿದ ಮೇಲೂ ಮುಂಬೈ ಸರಕಾರದ ಕೆಳಗೆ ಧಾರವಾಡದ ಕಚೇರಿಗಳಲ್ಲಿ ಮರಾಠಿಯೇ ಬಹಳ ಕಾಲ ನಡೆಯಿತು, ಮರಾಠಿಯ ಹಳೆಯ ಕೂಡುಬರಹವಾದ ಮೋಡಿ ಲಿಪಿಯ ಕಾಗದಗಳೊಂದಿಗೆ. ಹೀಗಾಗಿ ಇಲ್ಲಿನ ಪಾರಸಿ ಪದಗಳಲ್ಲಿ ಎಷ್ಟೋ ಮರಾಠಿಯ ಕೈಹಿಡಿದು ಬಂದವು. ಚಹರೆಗೆ ಅದರ ಗುರುತು ‘ಚಹರೆಪಟ್ಟಿ’, ಅಂದರೆ ಗುರುತಿನ ಲಕ್ಷಣಗಳ ಪಟ್ಟಿ, ಎಂಬ ಜೋಡುಪದ. ಮರಾಠಿಯಲ್ಲಿಯೂ ‘ಚೇಹರೇಪಟ್ಟಿ’ ಇದೆ. ಒಂಟಿ ಪದ ಯಾರಿಂದಲಾದರೂ ಬಂದೀತು. ಜೋಡುಪದ ಅದೇ ಜೋಡಿಯಲ್ಲಿ ಎರಡು ಭಾಷೆಯಲ್ಲಿದ್ದರೆ ಆ ಎರಡರ ನಡುವೆ ಕೊಡುಕೊಳ್ಳುವಿಕೆ ನಡೆದಿದೆ ಎಂದು ಹಿಡಿಯುವುದು ವಾಸಿ.

ಪಟ್ಟಿ ಯಾಕೆ ಬೇಕಾಯಿತು? ಮೊಗಲರ ಸೈನ್ಯದಲ್ಲಿ ಕುದುರೆಗೆ ಬರೆ ಹಾಕುತ್ತಿದ್ದರು, ಅದಕ್ಕೆ ‘ದಾಗ್’ ಎಂದು ಹೆಸರು. ಸವಾರನ ರೂಪವನ್ನು ಕಾಗದದಲ್ಲಿ ಬರೆದಿಡುತ್ತಿದ್ದರು, ಅದು ‘ಚೆಹರಾ’. ಒಬ್ಬನ ಸಂಬಳಕ್ಕೆ ಇನ್ನೊಬ್ಬ ಬಂದು ನಿಲ್ಲಬಾರದು, ಒಳ್ಳೆ ಕುದುರೆಯ ಜಾಗಕ್ಕೆ ಬಡಕಲು ಕುದುರೆ ಬರಬಾರದು. ಕಾಗದದಲ್ಲಿ ಸವಾರನ ತಂದೆಯ ಹೆಸರು, ಊರು, ಮೈಬಣ್ಣ, ಹಣೆ, ಹುಬ್ಬು, ಕಣ್ಣು, ಮೂಗು, ಗಾಯದ ಗುರುತು. ಇವತ್ತಿನ ಪ್ರಕಟಣೆಯಲ್ಲಿ ಇರುವುದೂ ಹೆಚ್ಚುಕಡಿಮೆ ಇವೇ. ಕನ್ನಡದಲ್ಲಿ ಚಹರೆ ‘ಮುಖ’ವಾಗದೆ ‘ಗುರುತು’ ಆದದ್ದು ಇದರಿಂದ: ನಮಗೆ ಅದು ಮಾತಾಡುವವರ ಬಾಯಿಂದ ಬರಲಿಲ್ಲ, ಬರೆಯುವವರ ಪಟ್ಟಿಯಿಂದ ಬಂತು.

ಚಿತ್ರ, ಚಹರೆ: ಕಾಕಾ–ದೊಡ್ಡಪ್ಪನ ಮಕ್ಕಳು

ಕೆಲಸದ ರುಚಿ ಇರುವುದು ಇಲ್ಲಿ. ಪಾರಸಿಯ ಚೆಹ್ರಾ ಇನ್ನೂ ಹಿಂದೆ ಎಲ್ಲಿಗೆ ಹೋಗುತ್ತದೆ? ನಡುಗಾಲದ ಪಾರಸಿಯಲ್ಲಿ ಅದು ‘ಚಿಹ್ರ್’: ರೂಪ, ಸ್ವಭಾವ, ಬೀಜ ಎಂಬ ಅರ್ಥಗಳು. ಅದಕ್ಕೂ ಹಿಂದೆ, ಝರತುಷ್ಟ್ರ ಧರ್ಮಗ್ರಂಥಗಳ ಅವೆಸ್ತಾ ಭಾಷೆಯಲ್ಲಿ ‘ಚಿಥ್ರ’: ಬೆಳಗುವ, ಎದ್ದು ಕಾಣುವ. ಸಂಸ್ಕೃತದಲ್ಲಿ ಇದರ ಜೋಡಿ ‘ಚಿತ್ರ’. ವೇದದ ಸಂಸ್ಕೃತದಲ್ಲಿ ಚಿತ್ರ ಎಂದರೆ ಬರೆದ ಪಟವಲ್ಲ, ಹೊಳೆಯುವ, ಕಣ್ಣಿಗೆ ಹೊಡೆಯುವ ಎಂಬ ಅರ್ಥ.

ಇದನ್ನು ನಂಬುವುದು ಹೇಗೆ? ಒಂದು ಜೋಡಿ ಸಾಕಾಗದು. ಅದೇ ಸದ್ದಿನ ಬದಲಾವಣೆ ಇನ್ನೂ ಕನಿಷ್ಠ ಎರಡು ಪದದಲ್ಲಿ ಕಾಣಬೇಕು. ಸಂಸ್ಕೃತದಲ್ಲಿ ‘ತ್ರ’, ಅವೆಸ್ತಾದಲ್ಲಿ ‘ಥ್ರ’, ಪಾರಸಿಯಲ್ಲಿ ‘ಹ್ರ್’:

ಚಿತ್ರ – ಚಿಥ್ರ – ಚಿಹ್ರ್, ನಮ್ಮಲ್ಲಿ ಚಹರೆ.
ಕ್ಷತ್ರ – ಕ್ಷಥ್ರ – ಶಹ್ರ್, ನಮ್ಮಲ್ಲಿ ಶಹರ.
ಮಿತ್ರ – ಮಿಥ್ರ – ಮಿಹ್ರ್, ನಮ್ಮಲ್ಲಿ ‘ಮೆಹರ್ಬಾನಿ’ಯ ಮೊದಲರ್ಧ.

ಕ್ಷತ್ರ ಎಂದರೆ ಆಳ್ವಿಕೆ, ಅಧಿಕಾರ; ಪಾರಸಿಯಲ್ಲಿ ಅದು ಆಳುವ ನಾಡಾಗಿ, ಆಮೇಲೆ ಪಟ್ಟಣವಾಯಿತು. ‘ಹುಬ್ಬಳ್ಳಿ ಶಹರ’ದ ಶಹರ ಅದೇ. ಕಾಣೆಯಾದವರ ಪ್ರಕಟಣೆಯ ಮೊದಲ ಪದಕ್ಕೂ ಕೊನೆಯ ಪದಕ್ಕೂ ಇರುವ ನಂಟು ಇದು: ಎರಡೂ ಒಂದೇ ಗಾಣದಲ್ಲಿ ಆಡಿಸಿಕೊಂಡು ಬಂದ ಕಾಳು.

ಇಲ್ಲಿ ಎಡವುವುದು ಸಲೀಸು. ‘ಚಹರೆ ಸಂಸ್ಕೃತದ ಚಿತ್ರದಿಂದ ಬಂತು’ ಎಂದು ಬರೆಯಬೇಡಿ. ಚಿತ್ರವು ಚಹರೆಯ ಅಪ್ಪ ಅಲ್ಲ. ಎರಡೂ ಒಬ್ಬ ಅಜ್ಜನ ಮೊಮ್ಮಕ್ಕಳು. ಒಬ್ಬರು ಈಚೆ ಉಳಿದರು, ಇನ್ನೊಬ್ಬರು ಇರಾನಿನಲ್ಲಿ ಬೆಳೆದು ಬಹಳ ಸುತ್ತಿ ಇಲ್ಲಿಗೆ ಬಂದರು. ಅವೆಸ್ತಾದಲ್ಲಿ ‘ಬೀಜ, ಮೂಲ’ ಎಂಬ ಅರ್ಥದ ಇನ್ನೊಂದು ಚಿಥ್ರವೂ ಇದೆ. ಎರಡೂ ಒಂದೇ ಪದವೋ ಬೇರೆಯೋ ಎಂಬುದರಲ್ಲಿ ವಿದ್ವಾಂಸರು ಒಮ್ಮತಕ್ಕೆ ಬಂದಿಲ್ಲ. ಟಿಪ್ಪಣಿಯಲ್ಲಿ ‘ಒಮ್ಮತವಿಲ್ಲ’ ಎಂದೇ ಬರೆಯಿರಿ.

ಎಡವುವ ಇನ್ನಷ್ಟು ಜಾಗ

ಚಹರೆಯನ್ನು ‘ಚರ್ಯೆ’ಗೆ ಗಂಟು ಹಾಕುವವರುಂಟು. ‘ಮುಖಚರ್ಯೆ’ ಎಂಬ ಪದ ಇರುವುದರಿಂದ ಈ ಆಸೆ ಹುಟ್ಟುತ್ತದೆ. ಆದರೆ ಚರ್ಯೆ ‘ಚರ್’ ಧಾತುವಿನದು, ನಡತೆ ಎಂಬ ಅರ್ಥದ್ದು. ‘ರ್ಯ’ದಿಂದ ನಡುವೆ ‘ಹ’ ಹುಟ್ಟಿದ ಇನ್ನೊಂದು ಉದಾಹರಣೆ ತೋರಿಸಿ ಎಂದರೆ ಕೈ ಖಾಲಿ. ಅರ್ಥದಲ್ಲೂ ಬೇರೆ: ಮುಖಚರ್ಯೆ ಗಳಿಗೆಗೊಮ್ಮೆ ಬದಲಾಗುತ್ತದೆ, ಚಹರೆ ಹಾಗೆ ಬದಲಾಗುವುದಿಲ್ಲ.

‘ಕಪಾಳ’ ಇನ್ನೊಂದು ಗುಂಡಿ. ಸಂಸ್ಕೃತದ ಕಪಾಲ ತಲೆಬುರುಡೆ, ಕಪೋಲ ಕೆನ್ನೆ. ನಮ್ಮ ‘ಕಪಾಳಕ್ಕ ಬಾರಿಸಿದ’ ಎನ್ನುವಲ್ಲಿ ರೂಪ ಮೊದಲನೆಯದು, ಅರ್ಥ ಎರಡನೆಯದು. ರೂಪ ನೋಡಿ ‘ಬುರುಡೆಗೆ ಹೊಡೆದ’ ಎಂದು ಬಿಡಿಸಿದರೆ ಏಟು ಬಿದ್ದ ಜಾಗವೇ ತಪ್ಪಿತು. ಇಂಥ ಕಡೆ ರೂಪದ ಮೂಲ, ಅರ್ಥದ ಮೂಲ ಎಂದು ಎರಡು ಸಾಲು ಬೇರೆ ಬರೆಯಿರಿ.

‘ಮಾರಿ’ಯಲ್ಲಿ ಇನ್ನೂ ದೊಡ್ಡ ಗೊಂದಲ, ಏಕೆಂದರೆ ದೇವತೆ ಮಾರಿ ಪಕ್ಕದಲ್ಲೇ ಇದ್ದಾಳೆ. ನಮ್ಮ ಕಡೆ ಕೊನೆಯ ‘ಎ’ ‘ಇ’ ಆಗುತ್ತದೆ: ಮನೆ ಮನಿ, ತಲೆ ತಲಿ, ಹಣೆ ಹಣಿ. ಮುಖದ ಮಾರಿಯ ‘ಇ’ಕಾರವೂ ಹೀಗೆ ಬಂದದ್ದು, ಹಿಂದೆ ಇರುವುದು ‘ಮೋರೆ’. ಹಳ್ಳಿಯ ಬಾಯಲ್ಲಿ ತೋಟ ತ್ವಾಟ ಆದಂತೆ ಮೋರೆ ಮ್ವಾರೆ ಆಗುತ್ತದೆ. ತುಟಿ ಮುಚ್ಚಿ ಆಡುವ ‘ಮ’ದ ಬೆನ್ನಿಗೆ ‘ವ’ ಕರಗಿದರೆ ಮಾರಿ ಉಳಿಯುತ್ತದೆ. ಈ ಹಾದಿ ಸರಿಹೊಂದುತ್ತದೆ ಎಂಬುದು ನಮ್ಮ ಅಭಿಪ್ರಾಯ. ದೇವತೆಯ ಹೆಸರಿನ ‘ಇ’ಕಾರ ಮಾತ್ರ ಮೊದಲಿಂದಲೂ ಇದೆ, ತೆಂಕಣದವರೂ ಅವಳನ್ನು ಮಾರಿ ಎಂದೇ ಕರೆಯುತ್ತಾರೆ. ಎರಡಕ್ಕೂ ಒಂದೇ ಬೇರು ಹುಡುಕಹೋಗಬೇಡಿ.

ಮುಖ, ಮೊಗದ ಬಗೆಗೆ ಹೆಚ್ಚು ಬೇಡ. ಮುಖ ಮೊಗವಾದಂತೆ ಸುಖ ಸೊಗವಾಯಿತು. 13ನೆಯ ಶತಮಾನದ ಕೇಶಿರಾಜನಿಂದ ಹಿಡಿದು ವ್ಯಾಕರಣಗಳಲ್ಲಿ ತದ್ಭವಗಳ ಚರ್ಚೆ ಇದ್ದೇ ಇದೆ. ಸಂಸ್ಕೃತದ ಮುಖವೇ ದ್ರಾವಿಡದಿಂದ ಹೋದದ್ದು ಎಂಬ ವಾದವೂ ಇದೆ, ಅದು ಬೇರೆ ದಿನದ ಕೆಲಸ.

ಬರೆದಿಡುವುದು

ಕೊನೆಯ ಟಿಪ್ಪಣಿ ಒಂದು ಪುಟ ಮೀರಬಾರದು. ರೂಪ, ಉಚ್ಚಾರ, ಬಳಕೆಯ ಜಾಗ, ಅರ್ಥ, ಮೂಲ, ಬಂದ ದಾರಿ, ಬಂಧುಗಳು, ತಪ್ಪು ಊಹೆಗಳು, ಈ ಅನುಕ್ರಮದಲ್ಲಿ ಬರೆಯಿರಿ. ಚಹರೆಗೆ ಹೀಗೆ ಆಗುತ್ತದೆ:

ಚಹರೆ, ಚೆಹರೆ. ನಾಮಪದ. ಹೆಚ್ಚಾಗಿ ಬರವಣಿಗೆಯಲ್ಲಿ, ಆಡುಮಾತಿನಲ್ಲಿ ಕಡಿಮೆ.
1. ಮುಖದ ಕಟ್ಟು, ಹೋಲಿಕೆ. 2. ಒಬ್ಬರನ್ನು ಗುರುತಿಸಲು ಬರೆಯುವ ಮೈ–ಮುಖದ ಲಕ್ಷಣಗಳು; ಚಹರೆಪಟ್ಟಿ. 3. ಊರು, ಕೃತಿ, ಸಂಸ್ಕೃತಿಯನ್ನು ಬೇರೆಯಾಗಿ ತೋರುವ ರೂಪ.
ಮೂಲ: ಪಾರಸಿ ಚೆಹ್ರಾ, ಮುಖ. ದಾರಿ: ಕಚೇರಿಯ ಭಾಷೆ, ಜೋಡುಪದದ ಸಾಕ್ಷಿಯಿಂದ ಮರಾಠಿಯ ಮೂಲಕ ಎಂದು ತೋರುತ್ತದೆ.
ಬಂಧು: ಸಂಸ್ಕೃತ ಚಿತ್ರ (ಸೋದರ, ಮೂಲವಲ್ಲ). ಸದ್ದಿನ ಸಾಕ್ಷಿ: ಶಹರ–ಕ್ಷತ್ರ, ಮೆಹರ್–ಮಿತ್ರ.
ಸಲ್ಲದ ಊಹೆ: ಚರ್ಯೆ.

‘ಎಂದು ತೋರುತ್ತದೆ’ ಎಂಬುದನ್ನು ಚೀಟಿ ಹೆಚ್ಚಾದಂತೆ ತೆಗೆಯಬಹುದು. ಮೋಡಿ ಓದಬಲ್ಲವರು ಜೊತೆಗಿದ್ದರೆ ಧಾರವಾಡ ಸೀಮೆಯ ಹಳೆಯ ಕಾಗದಗಳಲ್ಲಿ ‘ಚೇಹರಾ’ ಬರೆದ ಜಾಗ ಹುಡುಕಿ, ಕಾಗದದ ತಾರೀಖು ಚೀಟಿಗೆ ಇಳಿಸಿ, ಈ ಟಿಪ್ಪಣಿಗೆ ಗುಂಡುಸೂಜಿಯಿಂದ ಚುಚ್ಚಿಡಿ.